ಧರ್ಮದರ್ಶಿ ಒಡೆಯನಲ್ಲ

ಧರ್ಮಕಾರ್ಯಕ್ಕೆಂದು ಕೊಟ್ಟ ಆಸ್ತಿಗೆ ಮೂವರ ಸಂಬಂಧವುಂಟು. ಕೊಟ್ಟವರು ಒಬ್ಬರು, ಅದರ ಪ್ರಯೋಜನ ಪಡೆಯುವವರು ಇನ್ನೊಬ್ಬರು, ಅದನ್ನು ಕಾಯುವವರು ಮೂರನೆಯವರು. ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದುಂಟು. ಪ್ರಯೋಜನ ಪಡೆಯುವವರು ವಾರವಾರವೂ ಕಣ್ಣಿಗೆ ಬೀಳುತ್ತಾರೆ. ಕಾಯುವವರನ್ನು ಮಾತ್ರ ಜಗಳ ಹುಟ್ಟುವವರೆಗೆ ಯಾರೂ ನೆನೆಯುವುದಿಲ್ಲ. ಜಗಳ ಹುಟ್ಟಿದ ದಿನವಾದರೋ ಎಲ್ಲರೂ ಅವರ ಬಾಗಿಲಿಗೆ ಹೋಗಿ, ‘ಈ ಸ್ವತ್ತು ಯಾರದು?’ ಎಂದು ಕೇಳುತ್ತಾರೆ. ಪ್ರಶ್ನೆಯೇ ಅಡ್ಡದಾರಿಯದು. ನ್ಯಾಸವಾಗಿ ಇಟ್ಟ ಸ್ವತ್ತಿನ ವಿಷಯದಲ್ಲಿ ಮೊದಲು ಕೇಳತಕ್ಕ ಪ್ರಶ್ನೆ, ‘ಇದು ಯಾತಕ್ಕಾಗಿ?’ ಎಂಬುದು. ಆ ಪ್ರಶ್ನೆಗೆ ಉತ್ತರವನ್ನು ಕಾಪಾಡಿಕೊಂಡು ಬರುವುದಕ್ಕಾಗಿಯೇ ಧರ್ಮದರ್ಶಿ ಎಂಬ ಪದವಿ ಹುಟ್ಟಿತು. ಆ ಪದವಿಯಲ್ಲಿ ಕುಳಿತವನು ತನ್ನನ್ನು ಒಡೆಯನೆಂದು ಬಗೆದರೆ ಒಂದು ಕೇಡು. ಬರಿಯ ಬೀಗದಕೈ ಹಿಡಿದ ಆಳೆಂದು ಬಗೆದರೆ ಇನ್ನೊಂದು ಕೇಡು. ಈ ಎರಡು ಕೇಡುಗಳನ್ನೂ ಕ್ರೈಸ್ತ ಸಭೆಗಳ ಆಸ್ತಿಯ ಇತಿಹಾಸವು ಎಚ್ಚರಿಕೆಯ ಮಾತಾಗಿ ಮುಂದಿಟ್ಟಿದೆ.

ಇತ್ತೀಚಿನ ನಿದರ್ಶನವನ್ನೇ ಮೊದಲು ನೋಡಬಹುದು. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಚರ್ಚಿನಲ್ಲಿ ಸಲಿಂಗವಿವಾಹ ಹಾಗೂ ಸಲಿಂಗಪ್ರೇಮಿಗಳ ಪಾದ್ರಿದೀಕ್ಷೆಯ ವಿಷಯವಾಗಿ ದಶಕಗಳಿಂದ ಬೆಳೆದು ಬಂದಿದ್ದ ಭಿನ್ನಮತವು 2019ರ ಫೆಬ್ರವರಿಯಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸೇರಿದ ವಿಶೇಷ ಮಹಾಸಮ್ಮೇಳನದಲ್ಲಿ ಪರಾಕಾಷ್ಠೆಯನ್ನು ಮುಟ್ಟಿತು. ಆತ್ಮಸಾಕ್ಷಿಯ ಕಾರಣದಿಂದ ಪಂಗಡವನ್ನು ಬಿಡಬಯಸುವ ಸ್ಥಳೀಯ ಸಭೆಯು ತನ್ನ ಕಟ್ಟಡದೊಂದಿಗೆ ಹೊರಹೋಗಲು ಅವಕಾಶವೀಯುವ ತಾತ್ಕಾಲಿಕ ನಿಯಮವೊಂದನ್ನು ಆಗ ಅಂಗೀಕರಿಸಲಾಯಿತು. ಹಾಜರಿದ್ದ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲಿನವರ ಮತ ಬೇಕು. ಪಂಗಡಕ್ಕೆ ಸಲ್ಲಬೇಕಾದ ವಂತಿಗೆಯನ್ನೂ ಪಾದ್ರಿಗಳ ಪಿಂಚಣಿಯ ಹೊರೆಯಲ್ಲಿ ತನ್ನ ಪಾಲನ್ನೂ ತೆರಬೇಕು. ಪ್ರಾಂತೀಯ ವಾರ್ಷಿಕ ಸಮ್ಮೇಳನವು ಒಪ್ಪಬೇಕು. ಎಲ್ಲವೂ 2023ರ ಡಿಸೆಂಬರ್ 31ರೊಳಗೆ ಮುಗಿಯಬೇಕು. ಆ ಗಡುವಿನೊಳಗೆ ಹೊರನಡೆದ ಸಭೆಗಳು 7,600ಕ್ಕೂ ಹೆಚ್ಚು. ಆ ದೇಶದಲ್ಲಿದ್ದ ಆ ಪಂಗಡದ ಸಭೆಗಳಲ್ಲಿ ಸುಮಾರು ಕಾಲು ಭಾಗ. 2024ರಲ್ಲಿ ಷಾರ್ಲಟ್ ನಗರದಲ್ಲಿ ಸೇರಿದ ಮಹಾಸಮ್ಮೇಳನವು ಆ ನಿಯಮವನ್ನೇ ತೆಗೆದುಹಾಕಿತು.

ಆ ಭಿನ್ನಮತದಲ್ಲಿ ಯಾರ ಪಕ್ಷ ಸರಿಯೆಂಬುದು ಆ ಪಂಗಡದವರೇ ತೀರ್ಮಾನಿಸಿಕೊಳ್ಳಬೇಕಾದ ವಿಚಾರ. ಇಲ್ಲಿ ಪರಿಶೀಲಿಸತಕ್ಕದ್ದು ಬೇರೆ. ಆ ಐದು ವರ್ಷಗಳ ವಾಗ್ವಾದದಲ್ಲಿ ಎರಡು ಮಾತುಗಳು ಮತ್ತೆಮತ್ತೆ ಕೇಳಿಬಂದುವು. ‘ಈ ಗೋಡೆಗಳಿಗೆ ಹಣ ಕೊಟ್ಟವರು ನಮ್ಮ ಹಿರಿಯರು, ಆದುದರಿಂದ ಇದು ನಮ್ಮದು’ ಎಂಬುದು ಒಂದು. ‘ಪತ್ರದಲ್ಲಿ ಪಂಗಡದ ನ್ಯಾಸವೆಂದು ಬರೆದಿದೆ, ಆದುದರಿಂದ ಇದು ಪಂಗಡದ್ದು’ ಎಂಬುದು ಮತ್ತೊಂದು. ಎರಡೂ ಒಡೆತನದ ಮಾತುಗಳೇ. ನ್ಯಾಸದ ಮಾತನ್ನಾಡುವ ಮೂರನೆಯ ದನಿಯೊಂದು ಅಲ್ಲಿ ಇರಬೇಕಾಗಿತ್ತು. ಅದು ಧರ್ಮದರ್ಶಿಗಳ ದನಿ.

ಆ ಪಂಗಡದ ಏರ್ಪಾಡನ್ನು ಸಂಕ್ಷೇಪವಾಗಿ ಅರಿಯದೆ ಈ ವಾದ ತಿಳಿಯದು. ಪ್ರತಿಯೊಂದು ಸ್ಥಳೀಯ ಸಭೆಗೂ ಧರ್ಮದರ್ಶಿಗಳ ಮಂಡಲಿಯೊಂದಿರಬೇಕೆಂದು ಅವರ ‘ಬುಕ್ ಆಫ್ ಡಿಸಿಪ್ಲಿನ್’ ಎಂಬ ವಿಧಿಗ್ರಂಥವು ಕಟ್ಟುಮಾಡುತ್ತದೆ. ಮಂಡಲಿಯಲ್ಲಿ ಮೂವರಿಗೆ ಕಡಿಮೆಯಿಲ್ಲದೆ ಒಂಬತ್ತು ಮಂದಿಗೆ ಮೀರದೆ ಜನರಿರಬೇಕು. ಅವರನ್ನು ಮೂರು ತಂಡಗಳಾಗಿ ವಿಂಗಡಿಸಿ ವರ್ಷಕ್ಕೊಂದು ತಂಡದ ಅವಧಿ ಮುಗಿಯುವಂತೆ ಏರ್ಪಡಿಸಬೇಕು. ಪ್ರಾರ್ಥನಾಮಂದಿರ, ಸಭಾಪಾಲಕರ ವಸತಿಗೃಹ, ನಿವೇಶನ, ಪೀಠೋಪಕರಣ, ಇವೆಲ್ಲದರ ಮೇಲ್ವಿಚಾರಣೆ ಈ ಮಂಡಲಿಯದು. ಆದರೆ ಆಸ್ತಿಯ ಪತ್ರದಲ್ಲಿ ಒಂದು ಷರತ್ತು ಸೇರಿರುತ್ತದೆ: ಈ ಸ್ವತ್ತನ್ನು ಯುನೈಟೆಡ್ ಮೆಥಡಿಸ್ಟ್ ಚರ್ಚಿನ ಉಪಯೋಗಕ್ಕಾಗಿ, ಅದರ ವಿಧಿಗ್ರಂಥಕ್ಕೆ ಅಧೀನವಾಗಿ, ನ್ಯಾಸವಾಗಿ ಹಿಡಿದಿರತಕ್ಕದ್ದು ಎಂದು. ಹೀಗಾಗಿ ಸ್ಥಳೀಯ ಮಂಡಲಿಯು ಸ್ವತ್ತನ್ನು ಹಿಡಿದಿರುತ್ತದೆ, ತನ್ನದೆಂದು ಹೇಳುವಂತಿಲ್ಲ. ಪಂಗಡವು ತನ್ನದೆಂದು ಹೇಳಬಲ್ಲುದು, ಆದರೆ ದಿನದಿನವೂ ಹಿಡಿದಿರುವುದಿಲ್ಲ. ಈ ಜಾಣ್ಮೆಯ ಏರ್ಪಾಡು ಬೆಳೆದುಬಂದುದರ ಹಿಂದೆ ಇನ್ನೂರೈವತ್ತು ವರ್ಷಗಳಿಗೂ ಹಿಂದಿನ ಜಗಳಗಳಿವೆ.

ಮೆಥಡಿಸ್ಟ್ ಚಳವಳಿಯ ಪ್ರವರ್ತಕನಾದ ಜಾನ್ ವೆಸ್ಲಿಯು 1739ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಮೊದಲ ಪ್ರಸಂಗಮಂದಿರವನ್ನು ಕಟ್ಟಿಸಲು ತೊಡಗಿದಾಗ ಹನ್ನೊಂದು ಮಂದಿ ಧರ್ಮದರ್ಶಿಗಳನ್ನು ನೇಮಿಸಿದನು. ಖರ್ಚಿನ ಹೊರೆಯನ್ನೂ ನಿರ್ವಹಣೆಯ ಹೊರೆಯನ್ನೂ ಅವರೇ ಹೊರುವರೆಂಬುದು ಅವನ ನಂಬಿಕೆಯಾಗಿತ್ತು. ಹೊರೆಯನ್ನು ಅವರು ಹೊರಲಿಲ್ಲ. ಸಾಲವು ವೆಸ್ಲಿಯ ತಲೆಯ ಮೇಲೆಯೇ ಬಂದಿತು. ಅದೇ ಸಮಯಕ್ಕೆ ಜಾರ್ಜ್ ವೈಟ್‌ಫೀಲ್ಡ್ ಮೊದಲಾದ ಸ್ನೇಹಿತರು ಎಚ್ಚರಿಸಿದರು: ಧರ್ಮದರ್ಶಿಗಳ ಕೈಯಲ್ಲಿ ಅಧಿಕಾರವಿದ್ದರೆ, ನಿನ್ನ ಬೋಧನೆ ಅವರಿಗೆ ಹಿಡಿಸದ ದಿನ ನಿನ್ನನ್ನೇ ಹೊರಗಟ್ಟಬಲ್ಲರು. ವೆಸ್ಲಿಯು ಆ ಪತ್ರವನ್ನು ರದ್ದುಪಡಿಸಿ ಎಲ್ಲವನ್ನೂ ತನ್ನ ಹೆಸರಿಗೆ ಮಾಡಿಕೊಂಡನು. ಒಬ್ಬ ಮನುಷ್ಯನ ಹೆಸರಿನಲ್ಲಿರುವ ಸ್ವತ್ತು ಅವನ ಆಯುಷ್ಯದಷ್ಟೇ ಭದ್ರ ಎಂಬುದನ್ನು ಅವನು ಅರಿಯದವನಲ್ಲ. ಆದುದರಿಂದ 1763ರಲ್ಲಿ ಎಲ್ಲ ಮಂದಿರಗಳಿಗೂ ಅನ್ವಯಿಸುವ ಮಾದರಿಪತ್ರವೊಂದನ್ನು ಪ್ರಕಟಿಸಿದನು. ಅದರಂತೆ ಸ್ವತ್ತು ಸ್ಥಳೀಯ ಧರ್ಮದರ್ಶಿಗಳಲ್ಲಿರುತ್ತದೆ. ಪ್ರಸಂಗಪೀಠಕ್ಕೆ ಬರುವವರನ್ನು ವೆಸ್ಲಿಯೂ ಅವನ ನಂತರ ಬೋಧಕರ ವಾರ್ಷಿಕ ಸಮ್ಮೇಳನವೂ ನಿಯಮಿಸುತ್ತದೆ. ಆ ಬೋಧಕರೂ ನಿಗದಿಯಾದ ಸಿದ್ಧಾಂತವನ್ನು ಬಿಟ್ಟು ಬೇರೆಯದನ್ನು ಬೋಧಿಸಕೂಡದು. ‘ಸಮ್ಮೇಳನ’ ಎಂದರೆ ಯಾರು ಎಂಬ ಸಂದೇಹ ನ್ಯಾಯಾಲಯದಲ್ಲಿ ಏಳದಿರಲೆಂದು 1784ರಲ್ಲಿ ನೂರು ಮಂದಿ ಬೋಧಕರ ಹೆಸರುಗಳನ್ನು ನಮೂದಿಸಿ ಇನ್ನೊಂದು ಪತ್ರವನ್ನು ದಾಖಲುಮಾಡಿಸಿದನು. ಆದರೂ ಯಾರ್ಕ್‌ಷೈರಿನ ಬರ್‌ಸ್ಟಲ್ ಮತ್ತು ಡ್ಯೂಸ್‌ಬರಿಗಳಲ್ಲಿ ಧರ್ಮದರ್ಶಿಗಳು ಬೋಧಕರನ್ನು ಇಡುವ, ತೆಗೆಯುವ ಅಧಿಕಾರ ತಮಗೇ ಬೇಕೆಂದು ಹಟ ಹಿಡಿದರು. ಡ್ಯೂಸ್‌ಬರಿಯ ಮಂದಿರವಂತೂ ವೆಸ್ಲಿಯ ಕೈತಪ್ಪಿಹೋಯಿತು.

ಈ ಕಥೆಯಲ್ಲಿ ಅಡಗಿರುವ ನೀತಿ ಸೂಕ್ಷ್ಮವಾದುದು. ವೆಸ್ಲಿಯ ಮಾದರಿಪತ್ರವು ಯಾರ ಕೈಗೂ ಇಡಿಯಾದ ಅಧಿಕಾರವನ್ನು ಕೊಡಲಿಲ್ಲ. ಗೋಡೆ ಒಬ್ಬರಲ್ಲಿ, ಪೀಠ ಇನ್ನೊಬ್ಬರಲ್ಲಿ, ಸಿದ್ಧಾಂತ ಇಬ್ಬರಿಗೂ ಮೇಲೆ. ಇಂದಿನ ವಿಧಿಗ್ರಂಥದಲ್ಲಿಯೂ ಅದೇ ಹದವುಂಟು. ಪೂಜಾಕಾರ್ಯಕ್ಕೆ ಕಟ್ಟಡವನ್ನು ಬಳಸುವ ಸಭಾಪಾಲಕರಿಗೆ ಧರ್ಮದರ್ಶಿಗಳು ಅಡ್ಡಿ ಮಾಡಕೂಡದು. ಸಭಾಪಾಲಕರ ಸಮ್ಮತಿಯಿಲ್ಲದೆ ಕಟ್ಟಡವನ್ನು ಬೇರೆ ಕೂಟಗಳಿಗೆ ಬಿಟ್ಟುಕೊಡಲೂ ಕೂಡದು. ಮಾರಾಟಕ್ಕೋ ಅಡಮಾನಕ್ಕೋ ಸದಸ್ಯರ ಸಮ್ಮೇಳನದ ನಿರ್ಣಯ ಬೇಕು, ಸಭಾಪಾಲಕರ ಹಾಗೂ ಜಿಲ್ಲಾ ಮೇಲ್ವಿಚಾರಕರ ಲಿಖಿತ ಸಮ್ಮತಿ ಬೇಕು. ಅಧಿಕಾರವನ್ನು ಹೀಗೆ ಹಂಚಿದ ಮೇಲೆ ಧರ್ಮದರ್ಶಿಗೆ ಉಳಿಯುವುದೇನು? ಉಳಿಯುವುದು ಹೊಣೆ. ಅಧಿಕಾರವಿಲ್ಲದ ಹೊಣೆಯೇ ಕಾವಲಿನ ಲಕ್ಷಣ.

ಈಗ ಮೊದಲನೆಯ ವಾದವನ್ನು ಎತ್ತಿಕೊಳ್ಳಬಹುದು. ‘ಹಣ ಕೊಟ್ಟವರು ನಾವು, ಆದುದರಿಂದ ಸ್ವತ್ತು ನಮ್ಮದು.’ ಈ ವಾದಕ್ಕೆ ಕಣ್ಣಿಗೆ ಕಟ್ಟುವ ನ್ಯಾಯದ ರೂಪವಿದೆ. ಆದರೆ ಕೊಟ್ಟದ್ದು ಎಂದ ಮೇಲೆ ಅದು ಹೇಗೆ ಕೊಟ್ಟವನದಾಗಿ ಉಳಿದೀತು? ದಾನವೆಂಬುದು ಒಡೆತನವನ್ನು ಬಿಡುವುದಕ್ಕೆ ಇಟ್ಟ ಹೆಸರು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಹಿಡಿದಿಟ್ಟುಕೊಳ್ಳುವುದು ದಾನವೂ ಆಗದು, ಉಳಿತಾಯವೂ ಆಗದು. ಅಷ್ಟೇ ಅಲ್ಲ, ‘ನಾವು’ ಎಂಬ ಮಾತಿನಲ್ಲಿ ಯಾರೆಲ್ಲ ಸೇರುತ್ತಾರೆ? ನೂರು ವರ್ಷಗಳ ಹಿಂದೆ ಇಟ್ಟಿಗೆ ಹೊತ್ತವರ ಮೊಮ್ಮಕ್ಕಳು ಊರು ಬಿಟ್ಟು ಹೋಗಿರಬಹುದು. ಇಂದು ಕೈಯೆತ್ತಿ ಮತ ಹಾಕುವವರಲ್ಲಿ ಕಳೆದ ವರ್ಷ ಬಂದು ಸೇರಿದವರಿರಬಹುದು. ಮುಂದೆ ಈ ಮಂದಿರಕ್ಕೆ ಬರಲಿರುವ ಮಕ್ಕಳು ಇನ್ನೂ ಹುಟ್ಟಿಯೇ ಇಲ್ಲ. ಒಂದು ದಿನದ ಸಭೆಯಲ್ಲಿ ಹಾಜರಿದ್ದವರ ಎಣಿಕೆ ಮೂರು ತಲೆಮಾರುಗಳ ಇಚ್ಛೆಯಾಗಲಾರದು.

ಅಮೆರಿಕದ ನ್ಯಾಯಾಲಯಗಳು ಈ ತೊಡಕಿನೊಡನೆ ಒಂದೂವರೆ ಶತಮಾನ ಹೆಣಗಿವೆ. ಆ ದೇಶದ ಅಂತರ್ಯುದ್ಧದ ನಂತರ ಕೆಂಟಕಿಯ ಲೂಯಿವಿಲ್ ನಗರದ ಪ್ರೆಸ್‌ಬಿಟೇರಿಯನ್ ಸಭೆಯೊಂದು ಗುಲಾಮಗಿರಿಯ ಪ್ರಶ್ನೆಯಿಂದ ಒಡೆದು, ಮಂದಿರ ಯಾರಿಗೆ ಎಂಬ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ‘ವಾಟ್ಸನ್ ವಿರುದ್ಧ ಜೋನ್ಸ್’ ಎಂಬ ಆ ಪ್ರಕರಣದಲ್ಲಿ, ಸಭೆಯು ಒಂದು ದೊಡ್ಡ ಪಂಗಡದ ಅಂಗವಾಗಿರುವಲ್ಲಿ ಆ ಪಂಗಡದ ಉನ್ನತ ಮಂಡಲಿಯ ತೀರ್ಮಾನವನ್ನೇ ನ್ಯಾಯಾಲಯವು ಮನ್ನಿಸಬೇಕೆಂದು ನಿರ್ಣಯವಾಯಿತು. ನೂರು ವರ್ಷಗಳ ಮೇಲೆ ಜಾರ್ಜಿಯದ ಮೇಕನ್ ನಗರದಲ್ಲಿ ಇನ್ನೊಂದು ಪ್ರೆಸ್‌ಬಿಟೇರಿಯನ್ ಸಭೆಯು 1973ರಲ್ಲಿ 164ಕ್ಕೆ 94 ಮತಗಳಿಂದ ತನ್ನ ಪಂಗಡವನ್ನು ಬಿಟ್ಟಿತು. ‘ಜೋನ್ಸ್ ವಿರುದ್ಧ ವುಲ್ಫ್’ ಎಂಬ ಆ ಪ್ರಕರಣದಲ್ಲಿ ಅದೇ ನ್ಯಾಯಾಲಯವು 1979ರಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ, ರಾಜ್ಯದ ನ್ಯಾಯಾಲಯಗಳು ಧರ್ಮಸಿದ್ಧಾಂತದ ತಂಟೆಗೆ ಹೋಗದೆ ಹಕ್ಕುಪತ್ರ, ಕಾಯಿದೆ, ನಿಯಮಾವಳಿಗಳನ್ನು ಓದಿ ತೀರ್ಪು ಕೊಡಬಹುದೆಂದು ಹೇಳಿತು. ಎರಡು ದಾರಿಗಳಲ್ಲಿ ಯಾವುದು ಮೇಲೆಂಬುದು ವಕೀಲರ ವಿಷಯ. ಆದರೆ 94 ಮಂದಿಯನ್ನು ನೆನೆಯದೆ 164 ಮಂದಿಯ ಹೆಸರಿನಲ್ಲಿ ‘ನಮ್ಮದು’ ಎನ್ನುವುದು ನೀತಿಗೆ ಒಪ್ಪದು. ಆ ದಿನ ಧರ್ಮದರ್ಶಿಯು ಇಬ್ಬರ ಪರವಾಗಿಯೂ ಸ್ವತ್ತನ್ನು ಹಿಡಿದವನಾಗಿರುತ್ತಾನೆ. ಅವನು ಒಂದು ಬಣದ ಮುಂದಾಳಾದ ಗಳಿಗೆಯಲ್ಲಿಯೇ ಆ ಪದವಿಯಿಂದ ಜಾರಿದವನಾದನು.

ಎರಡನೆಯ ವಾದವು ಇದಕ್ಕಿಂತ ಅಪಾಯಕರ, ಏಕೆಂದರೆ ಅದು ಕಾಗದದ ಬಲದಿಂದ ಮಾತನಾಡುತ್ತದೆ. ‘ಪತ್ರ ಪಂಗಡದ ಪರವಾಗಿದೆ, ಸ್ಥಳೀಯ ಧರ್ಮದರ್ಶಿಗಳಿಗೆ ಹೇಳಿದ್ದನ್ನು ಕೇಳುವುದಲ್ಲದೆ ಬೇರೆ ಕೆಲಸವೇನಿದೆ?’ ಎಂಬುದು ಆ ವಾದ. ಫಿಲಡೆಲ್ಫಿಯದ ಬೆತೆಲ್ ಸಭೆಯ ಇತಿಹಾಸವು ಇದಕ್ಕೆ ತಕ್ಕ ಉತ್ತರ. ಗುಲಾಮನಾಗಿ ಹುಟ್ಟಿ ಸ್ವಾತಂತ್ರ್ಯವನ್ನು ಕೊಂಡುಕೊಂಡ ರಿಚರ್ಡ್ ಆ್ಯಲನ್ ಎಂಬ ಬೋಧಕನೂ ಅವನ ಸಂಗಡಿಗರಾದ ಕರಿಯ ಮೆಥಡಿಸ್ಟರೂ ಬಿಳಿಯರ ಅವಮಾನವನ್ನು ಸಹಿಸಲಾರದೆ ತಮ್ಮದೇ ಮಂದಿರವನ್ನು ಕಟ್ಟಿಕೊಂಡರು. 1796ರಲ್ಲಿ ಬಿಳಿಯ ಪಾದ್ರಿಯೊಬ್ಬನು ಅವರಿಗಾಗಿ ನೋಂದಣಿಯ ಪತ್ರವನ್ನು ಬರೆದುಕೊಟ್ಟನು. ನಂಬಿ ಸಹಿ ಮಾಡಿದರು. ಆ ಪತ್ರವು ಮಂದಿರದ ಮೇಲಿನ ಹಿಡಿತವನ್ನು ಬಿಳಿಯರ ಸಮ್ಮೇಳನಕ್ಕೆ ಒಪ್ಪಿಸಿತ್ತು ಎಂಬುದು ಅವರಿಗೆ ತಿಳಿದದ್ದು ವರ್ಷಗಳು ಕಳೆದ ಮೇಲೆ. 1807ರಲ್ಲಿ ಅವರು ಮೂರರಲ್ಲಿ ಎರಡು ಪಾಲು ಸದಸ್ಯರ ಮತದಿಂದ ‘ಆಫ್ರಿಕನ್ ಸಪ್ಲಿಮೆಂಟ್’ ಎಂಬ ಪೂರಕಪತ್ರವನ್ನು ಅಂಗೀಕರಿಸಿ, ಮಂದಿರದ ಆಡಳಿತವನ್ನು ತಮ್ಮ ಧರ್ಮದರ್ಶಿಗಳ ಕೈಗೆ ಮರಳಿ ತಂದರು. ವ್ಯಾಜ್ಯವು ಪೆನ್ಸಿಲ್ವೇನಿಯದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ 1816ರಲ್ಲಿ ಅವರ ಪರವಾಯಿತು. ಅದೇ ವರ್ಷ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೊಪಲ್ ಚರ್ಚು ಸ್ವತಂತ್ರ ಪಂಗಡವಾಗಿ ಜನ್ಮವೆತ್ತಿತು. ‘ಪತ್ರದಲ್ಲಿರುವುದೇ ಪರಮ’ ಎಂದು ಆ ಧರ್ಮದರ್ಶಿಗಳು ಕೈಕಟ್ಟಿ ಕುಳಿತಿದ್ದರೆ, ಅವಮಾನದಿಂದ ಪಾರಾಗಲೆಂದು ಕಟ್ಟಿದ ಮಂದಿರವೇ ಅವಮಾನ ಮಾಡಿದವರ ಸೊತ್ತಾಗಿ ಉಳಿಯುತ್ತಿತ್ತು.

ಕಾಗದದ ಅಕ್ಷರವನ್ನೇ ಹಿಡಿದರೆ ಎಂತಹ ಅನರ್ಥವಾಗಬಹುದೆಂಬುದಕ್ಕೆ ಸ್ಕಾಟ್ಲೆಂಡು ಇನ್ನೊಂದು ಸಾಕ್ಷಿ. 1900ರಲ್ಲಿ ಅಲ್ಲಿಯ ಫ್ರೀ ಚರ್ಚು ಬಹುಮತದಿಂದ ಇನ್ನೊಂದು ಪಂಗಡದೊಡನೆ ಒಂದಾಯಿತು; ಒಪ್ಪದೆ ಹೊರಗುಳಿದ ಪಾದ್ರಿಗಳು ಬೆರಳೆಣಿಕೆಯ ಕೆಲವರು. 1904ರ ಆಗಸ್ಟಿನಲ್ಲಿ ಹೌಸ್ ಆಫ್ ಲಾರ್ಡ್ಸ್ ನ್ಯಾಯಪೀಠವು, ನ್ಯಾಸವನ್ನು ಸ್ಥಾಪಿಸಿದ ಕಾಲದ ಸಿದ್ಧಾಂತವನ್ನು ಬಿಡದೆ ಹಿಡಿದವರು ಆ ಕೆಲವರೇ ಆದುದರಿಂದ ಇಡೀ ಆಸ್ತಿಯೂ ಅವರದೇ ಎಂದು ತೀರ್ಪಿತ್ತಿತು. ದೇಶದಾದ್ಯಂತ ಹರಡಿದ್ದ ನೂರಾರು ಮಂದಿರಗಳನ್ನು ನಡೆಸುವಷ್ಟು ಜನವೂ ಅವರಲ್ಲಿರಲಿಲ್ಲ. ಕಡೆಗೆ 1905ರಲ್ಲಿ ಪಾರ್ಲಿಮೆಂಟು ಪ್ರತ್ಯೇಕ ಕಾಯಿದೆಯನ್ನು ಮಾಡಿ, ಆಸ್ತಿಯನ್ನು ಎರಡೂ ಕಡೆಯವರಿಗೆ ಹಂಚಿಕೊಡಬೇಕಾಯಿತು. ಹಕ್ಕುಪತ್ರವು ನ್ಯಾಸದ ಆರಂಭ, ಅದರ ಸರ್ವಸ್ವವಲ್ಲ. ಪತ್ರವನ್ನು ಬಲ್ಲವನೂ ಉದ್ದೇಶವನ್ನು ಮರೆಯದವನೂ ಆದ ಕಾವಲುಗಾರನೊಬ್ಬ ಊರೂರಿನಲ್ಲಿ ಇದ್ದರೆ ಮಾತ್ರ ಪತ್ರಕ್ಕೆ ಜೀವ.

ಹಾಗಾದರೆ ಧರ್ಮದರ್ಶಿಯ ನಿಜವಾದ ಕೆಲಸವೇನು? ಮೇಲೆ ಹೇಳಿದ ವಿಧಿಗ್ರಂಥವೇ ಅದನ್ನು ಬಿಡಿಬಿಡಿಯಾಗಿ ಹೇಳಿದೆ. ಪ್ರತಿವರ್ಷವೂ ಮಂಡಲಿಯು ಸಭೆಯ ಸಮ್ಮೇಳನಕ್ಕೆ ಲಿಖಿತ ವರದಿಯನ್ನು ಒಪ್ಪಿಸಬೇಕು. ಪ್ರತಿಯೊಂದು ನಿವೇಶನದ ಚಕ್ಕುಬಂದಿ, ಅದರ ಬೆಲೆ, ಪತ್ರ ಯಾರ ಹೆಸರಿನಲ್ಲಿದೆ, ಬಾಡಿಗೆ ಬರುವ ಸ್ವತ್ತಿನಿಂದ ಬಂದ ವರಮಾನ ಎಷ್ಟು, ಕಟ್ಟಡಕ್ಕೆ ಬಂದ ಹಣವೆಷ್ಟು ವೆಚ್ಚವೆಷ್ಟು, ತೀರದ ಸಾಲವೆಷ್ಟು, ವಿಮೆ ಎಷ್ಟಕ್ಕಿದೆ ಮತ್ತು ಅದು ಸಾಲುವುದೇ, ಕಾಗದಪತ್ರಗಳು ಯಾರ ವಶದಲ್ಲಿವೆ, ಸಭೆಗೆ ಸಲ್ಲುವ ದತ್ತಿಗಳು ಯಾವುವು, ಅವುಗಳ ಹಣ ಎಲ್ಲಿ ಹೇಗೆ ತೊಡಗಿದೆ, ಅಂಗವಿಕಲರು ಒಳಗೆ ಬರಲು ಅಡ್ಡಿಯಾಗುವ ಮೆಟ್ಟಿಲುಗಳಾವುವು, ಇಷ್ಟೂ ಆ ವರದಿಯಲ್ಲಿರಬೇಕು. ಇನ್ನೊಂದು ವಿಧಿ ಎಲ್ಲ ಧರ್ಮದವರೂ ಬರೆದಿಟ್ಟುಕೊಳ್ಳುವಂತಹುದು: ಮಂದಿರವಿರುವ ಅಥವಾ ವಸತಿಗೃಹವಿರುವ ಸ್ವತ್ತನ್ನು ದಿನನಿತ್ಯದ ಖರ್ಚಿಗಾಗಿ ಅಡವಿಡಕೂಡದು, ಮಾರಿದರೆ ಬಂದ ಮೂಲಧನವನ್ನು ದಿನನಿತ್ಯದ ಖರ್ಚಿಗೆ ಬಳಸಕೂಡದು. ಮನೆಯ ತೊಲೆಯನ್ನು ಕಿತ್ತು ಒಲೆಗೆ ಹಾಕಿದರೆ ಒಂದು ದಿನದ ಅಡುಗೆಯಾದೀತು. ಮರುದಿನ ಅಡುಗೆಮನೆಯೇ ಇರದು.

ಈ ಪಟ್ಟಿಯನ್ನು ಕಂಡು, ‘ಇದೆಲ್ಲ ಗುಮಾಸ್ತರ ಕೆಲಸ, ಇದರಲ್ಲಿ ಧರ್ಮವೆಲ್ಲಿ ಬಂತು?’ ಎನ್ನುವವರಿದ್ದಾರೆ. ಅಂಥವರು ಅಮೆರಿಕದ ಸ್ಕೌಟ್ ಸಂಸ್ಥೆಯ ಪ್ರಕರಣವನ್ನು ನೆನೆಯಬೇಕು. ಅಲ್ಲಿಯ ಬಾಲಕರ ಸ್ಕೌಟ್ ದಳಗಳಿಗೆ ಪ್ರಾಯೋಜಕರಾಗಿ ನಿಂತವರಲ್ಲಿ ಯುನೈಟೆಡ್ ಮೆಥಡಿಸ್ಟ್ ಸಭೆಗಳು ಬಹು ದೊಡ್ಡ ಪಾಲಿನವು. ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಮೊಕದ್ದಮೆಗಳ ಭಾರದಿಂದ ಆ ಸ್ಕೌಟ್ ಸಂಸ್ಥೆಯು 2020ರಲ್ಲಿ ದಿವಾಳಿ ಅರ್ಜಿ ಹಾಕಿದಾಗ 80,000ಕ್ಕೂ ಹೆಚ್ಚು ಮಂದಿ ಪರಿಹಾರ ಬೇಡಿ ಮುಂದೆ ಬಂದರು. ಮೆಥಡಿಸ್ಟ್ ಪಂಗಡವು ತನ್ನ ಪಾಲಿಗೆ 3 ಕೋಟಿ ಡಾಲರುಗಳನ್ನು ಪರಿಹಾರ ನಿಧಿಗೆ ಕೊಡಲು ಒಪ್ಪಿತು. ಸಂಜೆಯ ಹೊತ್ತು ಸಭಾಭವನವನ್ನು ಯಾರಿಗೆ ಬಿಟ್ಟುಕೊಡಲಾಗಿದೆ, ಯಾವ ಕರಾರಿನ ಮೇಲೆ, ಮಕ್ಕಳೊಡನೆ ಇರುವ ವಯಸ್ಕರು ಯಾರು, ಆ ಕೋಣೆಯ ಬಾಗಿಲು ಒಳಗಿನಿಂದ ಅಗುಳಿ ಹಾಕುವಂತಹುದೇ, ಬೀಗದಕೈಗಳು ಎಷ್ಟು ಮಂದಿಯಲ್ಲಿವೆ, ಇವು ಗುಮಾಸ್ತರ ಪ್ರಶ್ನೆಗಳೆಂದು ಹೇಳುವ ಧೈರ್ಯ ಇನ್ನು ಯಾರಿಗಿದೆ? ಕಟ್ಟಡವನ್ನು ಕಾಯುವುದೆಂದರೆ ಅದರೊಳಗೆ ಬರುವ ಅಬಲರನ್ನು ಕಾಯುವುದು. ಸುಣ್ಣ ಬಳಿಸಿದ ಗೋಡೆಯ ಹಿಂದೆ ಒಂದು ಮಗು ಅಳುತ್ತಿದ್ದರೆ ಆ ಸುಣ್ಣಕ್ಕೆ ಬೆಲೆಯಿಲ್ಲ.

ನ್ಯಾಸದ ದ್ರೋಹವು ಎಲ್ಲಿಂದ ಆರಂಭವಾಗುತ್ತದೆಂಬುದನ್ನು ಜೈನ ಆಚಾರ್ಯರು ಬಹು ಹಿಂದೆಯೇ ಗುರುತಿಸಿದ್ದರು ಎಂಬುದು ಇಲ್ಲಿ ಸ್ಮರಣೀಯ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ‘ನ್ಯಾಸಾಪಹಾರ’ವು ಅತಿಚಾರಗಳಲ್ಲೊಂದಾಗಿ ಬರುತ್ತದೆ. ಆದರೆ ಅದನ್ನು ಸೇರಿಸಿರುವುದು ಕಳವಿಗೆ ಸಂಬಂಧಿಸಿದ ಅಚೌರ್ಯವ್ರತದಲ್ಲಲ್ಲ, ಸತ್ಯವ್ರತದಲ್ಲಿ. ಪೂಜ್ಯಪಾದರ ವಿವರಣೆಯಂತೆ, ಒತ್ತೆಯಿಟ್ಟವನು ಲೆಕ್ಕವನ್ನು ಮರೆತು ಕಡಿಮೆ ಕೇಳಿದಾಗ ಇರಿಸಿಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದೇ ನ್ಯಾಸಾಪಹಾರ. ಅಲ್ಲಿ ಬೀಗ ಒಡೆದಿಲ್ಲ, ಕನ್ನ ಕೊರೆದಿಲ್ಲ. ಇನ್ನೊಬ್ಬರ ಮರೆವಿನಿಂದ ಲಾಭ ಪಡೆದದ್ದೇ ಅಪರಾಧ. ಧರ್ಮದರ್ಶಿಯ ಅಪರಾಧವೂ ಸಾಮಾನ್ಯವಾಗಿ ಇದೇ ಜಾತಿಯದು. ತಮ್ಮ ಸಭೆಗೆ ಏನೇನಿದೆ ಎಂಬುದನ್ನು ಸದಸ್ಯರು ಮರೆತಿರುತ್ತಾರೆ, ಕೊಟ್ಟವರು ತೀರಿಹೋಗಿರುತ್ತಾರೆ, ವಿಧವೆಯೊಬ್ಬಳು ಬಡ ಮಕ್ಕಳ ಓದಿಗೆಂದು ಬಿಟ್ಟ ದತ್ತಿಯು ಸಾಮಾನ್ಯ ನಿಧಿಯಲ್ಲಿ ಕರಗಿರುತ್ತದೆ. ಯಾರೂ ಕೇಳುವುದಿಲ್ಲ, ಬಲ್ಲವನು ಹೇಳುವುದಿಲ್ಲ. ಆ ಮೌನವೇ ಅಪಹಾರ.

ಇದಕ್ಕೆ ಒಂದು ಆಕ್ಷೇಪವುಂಟು. ‘ಧರ್ಮದರ್ಶಿಗಳು ಸಂಬಳವಿಲ್ಲದೆ ದುಡಿಯುವವರು, ಊರಿನ ಗೌರವಸ್ಥರು. ಅವರನ್ನು ಲೆಕ್ಕ ಕೇಳುವುದು ಅವರ ಮೇಲೆ ಸಂಶಯಪಟ್ಟಂತೆ. ಹೀಗಾದರೆ ನಾಳೆ ಈ ಕೆಲಸಕ್ಕೆ ಯಾರು ಬಂದಾರು?’ ಈ ಆಕ್ಷೇಪವು ಎಲ್ಲ ಧರ್ಮಸಂಸ್ಥೆಗಳಲ್ಲಿಯೂ ಕೇಳಿಬರುವುದರಿಂದ ಇದನ್ನು ಗಂಭೀರವಾಗಿ ಪರಿಗಣಿಸಬೇಕು. ಸಂಬಳವಿಲ್ಲದ ಸೇವೆ ಶ್ಲಾಘ್ಯವೆಂಬುದು ನಿಜ; ಆದರೆ ಸಂಬಳ ಪಡೆಯದಿರುವುದು ಲೆಕ್ಕ ಕೊಡದಿರುವುದಕ್ಕೆ ಬೆಲೆಯಾಗಿ ಸಿಕ್ಕ ಹಕ್ಕಲ್ಲ. ಲೆಕ್ಕ ಕೇಳುವುದರಿಂದ ಪ್ರಾಮಾಣಿಕನಿಗೆ ಹಾನಿಯಿಲ್ಲ. ಅವನ ಪ್ರಾಮಾಣಿಕತೆಗೆ ಸಾಕ್ಷಿ ಹುಟ್ಟುವುದು ಅದರಿಂದಲೇ. ಲೆಕ್ಕ ಕೇಳದಿರುವುದರಿಂದ ಅವನಿಗೇ ಅನ್ಯಾಯ, ಏಕೆಂದರೆ ನಾಳೆ ಅಪವಾದ ಹುಟ್ಟಿದರೆ ಅವನ ಬಳಿ ತೋರಿಸಲು ಏನೂ ಇರುವುದಿಲ್ಲ. ಇನ್ನು ‘ಯಾರು ಬಂದಾರು’ ಎಂಬ ಅಂಜಿಕೆ. ಲೆಕ್ಕ ಕೊಡಬೇಕೆಂದರೆ ಹಿಂದೆಗೆಯುವವನು ಬಾರದಿರುವುದೇ ಸಂಸ್ಥೆಗೆ ಲಾಭ. ಅವಧಿ ಮುಗಿದ ಮೇಲೂ ಪೀಠ ಬಿಡದೆ ಇಪ್ಪತ್ತು ವರ್ಷ ಕುಳಿತವನು, ತಾನಿಲ್ಲದೆ ಸಂಸ್ಥೆ ನಡೆಯದೆಂದು ಹೇಳಿದರೆ, ಅವನು ಇಪ್ಪತ್ತು ವರ್ಷಗಳಲ್ಲಿ ಇನ್ನೊಬ್ಬನನ್ನು ತರಬೇತುಗೊಳಿಸಲಿಲ್ಲವೆಂದಷ್ಟೇ ಅದರ ಅರ್ಥ.

ಇದು ಸಾಗರದಾಚೆಯ ಮಾತೆಂದು ಕನ್ನಡ ನಾಡಿನವರು ಕೈತೊಳೆದುಕೊಳ್ಳುವಂತಿಲ್ಲ. ಮೈಸೂರಿನ ವೆಸ್ಲಿ ಪ್ರೆಸ್ಸಿನ ಹೆಸರನ್ನು ಕೇಳದ ಕನ್ನಡ ವಿದ್ಯಾವಂತರು ವಿರಳ. ಹಳೆಯ ಮೈಸೂರು ಸಂಸ್ಥಾನದಲ್ಲಿ ಶಾಲೆ, ಆಸ್ಪತ್ರೆ, ಮುದ್ರಣಾಲಯಗಳನ್ನು ನಡೆಸಿದ ವೆಸ್ಲಿಯನ್ ಮಿಷನ್ನು ಅದೇ ಜಾನ್ ವೆಸ್ಲಿಯ ಪರಂಪರೆಯದು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾದಾಗ ಈ ವೆಸ್ಲಿಯನ್ ಸಭೆಗಳೂ ಆಂಗ್ಲಿಕನ್ ಮೊದಲಾದ ಸಭೆಗಳೊಡನೆ ಅದರಲ್ಲಿ ಸೇರಿದುವು. ಆ ಸಭೆಯ ಸ್ವತ್ತುಗಳನ್ನು ಹಿಡಿದಿರಲೆಂದು ಕಂಪನಿ ಕಾಯಿದೆಯಡಿ ನೋಂದಾಯಿತವಾದ ಟ್ರಸ್ಟ್ ಅಸೋಸಿಯೇಷನ್ ಒಂದಿದೆ. ಅಂದರೆ ಇಲ್ಲಿಯೂ ಪತ್ರವಿರುವುದು ಒಂದು ಕಡೆ, ಮಂದಿರದ ಹಂಚು ಸೋರುವುದು ಇನ್ನೊಂದು ಕಡೆ. ಪತ್ರ ಹಿಡಿದವರು ದೂರದಲ್ಲಿದ್ದಷ್ಟೂ ಹಂಚಿನ ಕೆಳಗಿರುವವರ ಕಣ್ಣು ಚುರುಕಾಗಿರಬೇಕು.

ಕಾನೂನು ಕೂಡ ಈ ಕಣ್ಣನ್ನು ನಂಬಿದೆ. 1882ರ ಭಾರತೀಯ ಟ್ರಸ್ಟುಗಳ ಕಾಯಿದೆಯು ಸಾರ್ವಜನಿಕ ಧಾರ್ಮಿಕ ದತ್ತಿಗಳಿಗೆ ಅನ್ವಯಿಸದು. ಆದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಪ್ರಕರಣದಂತೆ, ಸಾರ್ವಜನಿಕ ಧಾರ್ಮಿಕ ನ್ಯಾಸದಲ್ಲಿ ಆಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ಧರ್ಮದರ್ಶಿಯನ್ನು ತೆಗೆಯಬೇಕೆಂದೂ ಹೊಸಬರನ್ನು ನೇಮಿಸಬೇಕೆಂದೂ ಲೆಕ್ಕ ಕೊಡಿಸಬೇಕೆಂದೂ ಕೇಳಬಹುದು. ಈ ಹಕ್ಕು ಮಸೀದಿಗೆ ಬರುವವನಿಗೂ ಮಠದ ಶಿಷ್ಯನಿಗೂ ಬಸದಿಯ ಶ್ರಾವಕನಿಗೂ ಚರ್ಚಿನ ಸದಸ್ಯನಿಗೂ, ಅವರವರ ಸಂಸ್ಥೆಗೆ ವಿಶೇಷ ಕಾಯಿದೆಯ ತಡೆ ಇಲ್ಲದಿರುವಲ್ಲಿ, ಸಮಾನವಾಗಿ ಇರುವಂತಹುದು. ಆದರೆ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಕಡೆಯ ಉಪಾಯ. ವ್ಯಾಜ್ಯಕ್ಕೆ ಹೋದ ಧರ್ಮದ ಆಸ್ತಿಯಲ್ಲಿ ಒಂದು ಪಾಲು ವಕೀಲರಿಗೂ ಇನ್ನೊಂದು ಪಾಲು ಕಾಲಕ್ಕೂ ಸಲ್ಲುತ್ತದೆ.

ಅದಕ್ಕೆ ಮುನ್ನ ಮಾಡಬೇಕಾದುವು ಕೆಲವಿವೆ, ಮತ್ತು ಅವು ಯಾವ ಕಾನೂನಿನ ಒತ್ತಾಯವೂ ಇಲ್ಲದೆ ಮಾಡಬಹುದಾದುವು. ವರ್ಷಕ್ಕೊಮ್ಮೆ ಧರ್ಮದರ್ಶಿಗಳು ಎಲ್ಲರೂ ಕೂಡಿ ಸ್ವತ್ತಿನ ಎಲ್ಲೆಯನ್ನು ಕಾಲ್ನಡಿಗೆಯಲ್ಲಿ ಸುತ್ತಬೇಕು. ಒತ್ತುವರಿಯು ಕಡತದಲ್ಲಿ ಕಾಣುವುದಕ್ಕೆ ಮೊದಲು ಬೇಲಿಯಲ್ಲಿ ಕಾಣುತ್ತದೆ. ಹಕ್ಕುಪತ್ರವನ್ನೂ ದತ್ತಿಪತ್ರಗಳನ್ನೂ ಸದಸ್ಯರ ಮುಂದೆ, ಅವರಿಗೆ ತಿಳಿಯುವ ಭಾಷೆಯಲ್ಲಿ, ಗಟ್ಟಿಯಾಗಿ ಓದಬೇಕು. ಬೆತೆಲಿನವರಿಗೆ ಆದ ವಂಚನೆ ಓದಿದ ಕಾಗದದಿಂದ ಆಗುವಂತಹುದಲ್ಲ. ಉದ್ದೇಶ ಹೇಳಿ ಕೊಟ್ಟ ಹಣವನ್ನು ಬೇರೆ ಖಾತೆಯಲ್ಲಿಡಬೇಕು. ಧರ್ಮದರ್ಶಿಯಾಗಲಿ ಅವನ ಬಂಧುವಾಗಲಿ ಸಂಸ್ಥೆಯ ಬಾಡಿಗೆದಾರನೂ ಗುತ್ತಿಗೆದಾರನೂ ಆಗಕೂಡದು. ಅವಧಿ ಮುಗಿದವನು ಎದ್ದುಹೋಗಬೇಕು, ಹೋಗುವಾಗ ಬೀಗದಕೈಯನ್ನೂ ಕಡತವನ್ನೂ ಪಟ್ಟಿಮಾಡಿ ಒಪ್ಪಿಸಿ ರಸೀದಿ ಪಡೆಯಬೇಕು. ಪಂಗಡವು ಒಡೆಯುವ ಕಾಲ ಬಂದರೆ, ಧರ್ಮದರ್ಶಿಯು ತನ್ನ ಮತವನ್ನು ಸದಸ್ಯನಾಗಿ ಹಾಕಲಿ. ಮಂದಿರದ ಬಾಗಿಲನ್ನು ಮಾತ್ರ ಎರಡೂ ಕಡೆಯವರಿಗೆ ತೀರ್ಮಾನವಾಗುವವರೆಗೆ ತೆರೆದಿಡಲಿ.

‘ಧರ್ಮದರ್ಶಿ’ ಎಂಬ ಕನ್ನಡದ ಮಾತು ಆ ಪದವಿಗೆ ಒಡೆತನವನ್ನು ಕೊಟ್ಟಿಲ್ಲ, ಅಧಿಕಾರವನ್ನೂ ಕೊಟ್ಟಿಲ್ಲ. ನೋಡುವ ಕೆಲಸವನ್ನು ಕೊಟ್ಟಿದೆ. ಧರ್ಮವನ್ನು ನೋಡುವವನು ಎಂದು ಕರೆಯಿಸಿಕೊಂಡು ಸೋರುವ ಸೂರನ್ನೂ ಕರಗುವ ದತ್ತಿಯನ್ನೂ ಕತ್ತಲೆಯ ಕೋಣೆಯನ್ನೂ ನೋಡದವನು ಆ ಹೆಸರನ್ನು ಸುಳ್ಳಾಗಿ ಧರಿಸಿದ್ದಾನೆ. ಅಂಥವನನ್ನು ಸಹಿಸಿಕೊಂಡ ಸದಸ್ಯರೂ ಆ ಸುಳ್ಳಿನಲ್ಲಿ ಪಾಲುದಾರರೇ. ಮುಂದಿನ ವಾರ್ಷಿಕ ಸಭೆಯಲ್ಲಿ ಒಬ್ಬನಾದರೂ ಎದ್ದು ನಿಂತು, ‘ಲೆಕ್ಕವನ್ನು ಓದಿ’ ಎಂದು ವಿನಯದಿಂದ ಕೇಳಲಿ. ಅಲ್ಲಿಂದ ಕಾವಲು ಆರಂಭವಾಗುತ್ತದೆ.